ಮುಚ್ಚಳ ಬಡಿಯುವ ಮೊದಲು

ಧಾರವಾಡ, ಗುರುವಾರ ಸಂಜೆ
ಮಾರ್ಚ್ ೧೯೬೨

ಪ್ರೀತಿಯ ಪ್ರಭುದಾಸ ಕಾಕಾ,

ನಾಳೆ ಲಾಜಿಕ್ ಪರೀಕ್ಷೆ, ಇಲ್ಲದಿದ್ದರೆ ನಾನೇ ಹುಬ್ಬಳ್ಳಿಗೆ ಓಡಿ ಬರುತ್ತಿದ್ದೆ. ಹಾಸ್ಟೆಲಿನ ಗೆಳೆಯ ಮೈಲಾರಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀವು ಗಿರಣಿಯ ಆ ಪೆಟ್ಟಿಗೆಗೆ ಮುಚ್ಚಳ ಬಡಿಯುವ ಮೊದಲು ಇದು ನಿಮಗೆ ಮುಟ್ಟಲಿ. ಅದರೊಳಗಿಟ್ಟ ನನ್ನ ಫೋಟೋ ತೆಗೆದುಬಿಡಿ.

ನೂಲಿನ ಯಂತ್ರದ ಮುರಿದ ರೋಲರ್ ರಿಪೇರಿಗೆ ಇಂಗ್ಲೆಂಡಿಗೆ ಹೋಗುತ್ತದೆ ಎಂದು ಕೇಳಿದಾಗಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ಹೋದ ಸಲ ಅಲ್ಲಿಂದ ಬಂದ ಮಾಲಿನ ಚೀಟಿಯ ಮೇಲಿನ ಸಹಿಯನ್ನು ಅವ್ವ ಗುರುತಿಸಿದ್ದಳಲ್ಲ? ಇಲ್ಲಿ ಯಂತ್ರ ಕೂಡಿಸಿ, ನಾನು ಹುಟ್ಟುವ ಮೊದಲೇ ಹೊರಟುಹೋದ ಆ ಇಂಗ್ಲಿಷ್ ಫಿಟ್ಟರ್ ಸಾಹೇಬರದು. ಫೋಟೋ ಅಂಚೆಗೆ ಹಾಕಿದರೆ ಅಲ್ಲಿನ ಆಫೀಸಿನವರು ಒಡೆಯುತ್ತಾರೆ, ಪೆಟ್ಟಿಗೆಯಾದರೆ ಆ ಸಾಹೇಬರೇ ತೆರೆಯಬಹುದು ಎಂದುಕೊಂಡೆ. "ನಮ್ಮಪ್ಪ ನನ್ನನ್ನ ಒಮ್ಮೆ ನೋಡಲಿ ಕಾಕಾ" ಎಂದೆ. ಎಷ್ಟು ಸಲೀಸಾಗಿ ಅಂದೆ! ನನ್ನನ್ನು ಸಾಕಿದ ನಿಮ್ಮನ್ನು ಆ ಶಬ್ದದಿಂದ ಒಂದು ದಿನವೂ ಕರೆದವನಲ್ಲ ನಾನು.

ನೀವು ಗ್ರೀಸ್ ಕೈ ಒರೆಸಿಕೊಂಡಿರಿ. "ಮೂಲ್ಯಾಗ ಒಂದೀಟು ಜಾಗಾ ಬಿಡತೇನಿ ತಮ್ಮಾ. ಮೇಣದ ಕಾಗದದಾಗ ಸುತ್ತೂಣು. ನಿನ್ನ ಮಾರಿಗೆ ಗ್ರೀಸ್ ಹತ್ತಬಾರದು."

ಅವ್ವ ಸಿಟ್ಟಾದಳು. "ಪಟ್ಟ್ಯಾಗ ಇಲ್ಲದ ಸಾಮಾನ ಮುಂಬಯಿ ಬಂದರದಾಗ ಸಿಕ್ಕರ ನಿಮ್ಮ ನೌಕರಿ ಉಳೀತದೇನ್ರಿ?" ನೀವು ನಕ್ಕಿರಿ. ನಾನು ಫೋಟೋ ನಿಮ್ಮ ಕೈಗಿಟ್ಟೆ.

ಆಮೇಲೆ ಪೆಟ್ಟಿಗೆಯ ಕಾಗದ ಮುಂಚೆಯೇ ಬರೆಸಲು ರೇಲ್ವೆ ಗೂಡ್ಸ್ ಶೆಡ್ಡಿಗೆ ಹೋದೆವು. "ಹಳೇ ಕಬ್ಬಿಣ ಅಂತ ಬರಸ್ರಿ ಪ್ರಭುದಾಸ, ಬಾಡಿಗಿ ಕಡಿಮಿ ಬೀಳತೈತಿ" ಎಂದರು ಗುಮಾಸ್ತ ಬಾಬುಸಾಬ.

"ಹಳೇ ಕಬ್ಬಿಣ ಅಂದ್ರ ನಿಮ್ಮ ಹಮಾಲರು ಎತ್ತಿ ಒಗೀತಾರ್ರಿ. ಇದು ಯಂತ್ರದ ಭಾಗ. ಹಂಗ ಬರೀರಿ."

"ಮುರದದ್ದಕ್ಕ ಇಷ್ಟ್ಯಾಕ ಲಾಡ, ಮುದ್ದು?"

"ಹೋದ ವರ್ಷ ಕಾಲು ಮುರಕೊಂಡಾಗ ನೀವೇನ ಕಡಿಮಿ ಲಾಡ ಮಾಡಿಸ್ಕೊಂಡ್ರೇನು?"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. "ಹಂಗ ಬರೀರಿ" ಎಂಬ ಮಾತನ್ನು ನಾನು ಮೊದಲೇ ಕೇಳಿದ್ದೆ. ಮಿಶನ್ ಹಾಸ್ಟೆಲಿಗೆ ಸೇರಿಸಿದ ದಿನ ವಾರ್ಡನ್ ನನ್ನ ಬೆಕ್ಕಿನ ಕಣ್ಣು ನೋಡಿ, ತಂದೆಯ ಹೆಸರಿನ ಹತ್ತಿರ ಪೆನ್ನು ನಿಲ್ಲಿಸಿದ್ದರು. ನೀವು ಟೋಪಿ ತೆಗೆದು ಅಂದಿರಿ: "ನನ್ನ ಮಗ ರೀ. ಹಂಗ ಬರೀರಿ."

ಕಾಕಾ, ಇಂಗ್ಲೆಂಡಿನಲ್ಲಿರುವ ಅವರು ನನ್ನ ಮುಖ ನೋಡಲಿ ಎಂಬ ಆಸೆ ಇನ್ನೂ ಹೋಗಿಲ್ಲ, ಸುಳ್ಳು ಹೇಳಲಾರೆ. ಆದರೆ ಆ ಫೋಟೋವನ್ನು ನಿಮ್ಮ ಕೈಯಿಂದಲೇ ಕಟ್ಟಿಸಲು ನನಗೆ ಹೇಗೆ ಬಾಯಿ ಬಂತು? ಫೋಟೋ ಅವ್ವನಿಗೆ ಕೊಡಿ. ನೀವು ಬಿಟ್ಟ ಜಾಗದಲ್ಲಿ ಬಡಗಿ ರಂದಾ ಹೊಡೆದ ಕಟ್ಟಿಗೆಯ ಸುರುಳಿ ಇನ್ನಷ್ಟು ತುರುಕಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ರೋಲರ್ ಅಲುಗಾಡುತ್ತದೆ. ಆಮೇಲೆ ಮುಚ್ಚಳ ಬಡಿಯಿರಿ.

ದೇವರು ನಿಮ್ಮ ಕೈಗಳನ್ನು ಕಾಯಲಿ.

ನೀವು ಬರೆಸಿದ ಹಾಗೆಯೇ,
ನಿಮ್ಮ ಮಗ
ವಿಲಿಯಂ