ಭಾವನ ಜೊತೆ ಬೆಟ್ಟಕ್ಕೆ

ಮೇ 9, ಶುಕ್ರವಾರ. ಸಂಜೆ

ಮೇಲ್ದವಡೆಯ ಹಲ್ಲಿನ ಬ್ರಿಡ್ಜ್ ಒಂದು ಬಾಕಿ. ಉಳಿದದ್ದೆಲ್ಲ ಪಾಲಿಶ್ ಮಾಡಿ ಡಾಕ್ಟರಿಗೆ ಕಳಿಸಿದೆ. ಉಗುರಿನ ಸಂದಿಯಲ್ಲಿ ಇನ್ನೂ ಅಚ್ಚಿನ ಬಿಳಿಪುಡಿ. ಹೊರಡುವಾಗ ಲ್ಯಾಬಿನ ಯಜಮಾನರು, "ಊರವರಿಗೆಲ್ಲ ಹಲ್ಲು ಕಟ್ಟೋಳು ನೀನು. ಬೆಟ್ಟದಲ್ಲಿ ನಿನ್ನ ಹಲ್ಲೇ ಉದುರಿಸ್ಕೊಂಡು ಬರ್ಬೇಡ ಮತ್ತೆ" ಅಂದರು. ಪ್ರತಿ ವರ್ಷದ ಜೋಕು. ಪ್ರತಿ ವರ್ಷ ನಗುತ್ತೇನೆ.

ಭಾವ ಫೋನ್ ಮಾಡಿದ್ದರು. ಅಕ್ಕನ ಸೈಕಲ್ಲಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿದ್ದಾರಂತೆ. ಓಡಿಸುವವಳು ನಾನಾದರೂ ಈಗಲೂ ಅದು ಅಕ್ಕನ ಸೈಕಲ್ಲೇ. ಅಕ್ಕ ಕಾಯಿಲೆಯಲ್ಲಿ ತೀರಿಕೊಂಡ ವರ್ಷವೆಲ್ಲ ಗಾಳಿ ಇಳಿದು ಗ್ಯಾರೇಜಿನಲ್ಲಿ ನಿಂತಿತ್ತು. ಮರುವರ್ಷ ಭಾವ, "ನೀನಾದ್ರೂ ಬಾರೇ. ಒಬ್ನೇ ಹೋಗೋಕೆ ಕಾಲೇ ಏಳಲ್ಲ" ಅಂದರು. ಹೋದೆ. ಇದು ಮೂರನೇ ಸಲ. ಈ ಸಲ ಗುಬ್ಬಿಯೂ ಬರುತ್ತಾಳೆ. ಅಕ್ಕನ ಮಗಳು. ವಯಸ್ಸು ಹನ್ನೊಂದು, ಬಾಯಿ ಐವತ್ತರದ್ದು.

ನೀಲಿ ಜರ್ಸಿ ಕೊಂಡೆ. ಸುಮ್ಮನೆ. ಹಳೆಯದು ಚೆನ್ನಾಗಿಯೇ ಇತ್ತು.

ಮೇ 10, ಶನಿವಾರ

ತಲುಪಿದೆವು. ಗುಬ್ಬಿ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನಿದ್ದೆ. ಭಾವ ತಮ್ಮ ಲಿಫ್ಟ್ ರಿಪೇರಿ ಕೆಲಸದ ಕತೆ ಹೇಳುತ್ತಾ ಬಂದರು. ಐದನೇ ಮಹಡಿಯಲ್ಲಿ ಗಂಡ ಹೆಂಡತಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ಇವರು ಹೇಗೋ ಬಾಗಿಲು ತೆಗೆದರೆ ಒಳಗೆ ಜಗಳ ಜೋರು. "ನಮ್ದು ಇನ್ನೂ ಮುಗಿದಿಲ್ಲ, ಮುಚ್ಚಿ ಹೋಗ್ರೀ" ಅಂದಳಂತೆ ಆಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊರು ಹಾಗೇ ಇದೆ. ಒಂದೇ ಬೀದಿ, ಅದೂ ಏರು. ಬಾಡಿಗೆ ಸೈಕಲ್ ಅಂಗಡಿಗಳು, ಹಗ್ಗದ ಮೇಲೆ ಒದ್ದೆ ಕೈಗವಸು. ಚಕ್ರ ತೊಳೆಯುವ ನಲ್ಲಿಯ ಬಳಿಯಿಂದ ಕೆಂಪು ಕೆಸರು ಹರಿದು ಚರಂಡಿ ಸೇರುತ್ತದೆ. ಬೀದಿಯ ಕೊನೆಗೆ ಸೈಕಲ್ಲನ್ನೂ ಜನರನ್ನೂ ಬೆಟ್ಟದ ತುದಿಗೆ ಒಯ್ಯುವ ಕೇಬಲ್ ಕಾರು. ಭಾವ ಅದರ ತಂತಿಯನ್ನೇ ಕತ್ತೆತ್ತಿ ನೋಡುತ್ತಾ ನಿಂತರು. "ರಜೆಯಲ್ಲೂ ಕಸುಬು ಬಿಡಲ್ವಲ್ಲ ನೀವು" ಅಂದೆ.

ಲಾಡ್ಜಿನವಳಿಗೆ ನಮ್ಮ ಗುರುತು ಸಿಕ್ಕಿತು. "ನಿಮ್ಮ ಯಜಮಾನ್ರು ಸೊರಗಿದ್ದಾರಲ್ಲ, ಸರಿಯಾಗಿ ಊಟ ಹಾಕಲ್ವಾ?" ಅಂದಳು ನನಗೆ. ಹೋದ ವರ್ಷವೂ ಗಂಡ ಹೆಂಡತಿ ಅಂತಲೇ ತಿಳಿದಿದ್ದಳು. ಬೇರೆ ಬೇರೆ ರೂಮು ಗೊರಕೆಯ ದೆಸೆಯಿಂದ ಅಂತ ಅವಳೇ ತೀರ್ಮಾನ ಮಾಡಿದ್ದಳು. ಆಗ ಭಾವ ನಕ್ಕು ಸುಮ್ಮನಾಗಿದ್ದರು.

ಈ ಸಲ ಥಟ್ಟನೆ, "ಅಯ್ಯೋ ಇಲ್ಲಮ್ಮ, ಇವಳು ನನ್ನ ಹೆಂಡತಿ ತಂಗಿ" ಅಂದರು.

ಇದ್ದದ್ದನ್ನೇ ಹೇಳಿದರು. ಗುಬ್ಬಿ ಪಕ್ಕದಲ್ಲೇ ಇದ್ದಳಲ್ಲ. ಅದಕ್ಕೇ ಇರಬೇಕು.

ಮೇ 11, ಭಾನುವಾರ. ಸಂಜೆ

ಕೆಳಗಿನ ಕಾಡುದಾರಿ. ಸುಲಭದ್ದು. ಮುಂದೆ ಭಾವ, ಮಧ್ಯೆ ಗುಬ್ಬಿ, ಹಿಂದೆ ನಾನು. "ಬೇರಿದೆ! ಎಡಕ್ಕೆ! ಪೆಡಲ್ ಸಮ ಇಟ್ಕೋ!" ಅಂತ ಭಾವ ಕೂಗುವುದು, ಅದನ್ನೇ ಗುಬ್ಬಿ ನನಗೆ ಕೂಗುವುದು. ಎಲ್ಲರ ಬೆನ್ನಿಗೂ ಕೆಸರಿನ ಗೆರೆ. ಎಷ್ಟೋ ತಿಂಗಳಾಗಿತ್ತು ಹೀಗೆ ಹಸಿವಾಗಿ.

ಸೂಪ್ ಕುಡಿಯುತ್ತಾ ಕೂತಿದ್ದಾಗ ಗುಬ್ಬಿ ಇದ್ದಕ್ಕಿದ್ದಂತೆ, "ಅಪ್ಪಾ, ಚಿಕ್ಕಮ್ಮಂಗೆ ನಾನೇ ಹೇಳ್ಬಿಡ್ಲಾ?" ಅಂದಳು.

"ಸುಮ್ನಿರು." ಭಾವನ ಕಿವಿ ಕೆಂಪಾಯಿತು. ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿ ಕಿಸಿಕಿಸಿ ನಕ್ಕಳು.

ಆಮೇಲೆ, ನಲ್ಲಿಯ ಹತ್ತಿರ ಚಕ್ರ ತೊಳೆಯುವಾಗ, ನನ್ನ ಮುಖ ನೋಡದೆ ಭಾವ ಹೇಳಿದರು: "ನಾಳೆ ಗುಬ್ಬೀನ ಮಕ್ಕಳ ಕ್ಲಾಸಿಗೆ ಬಿಟ್ಟು ನಾವಿಬ್ರೇ ಮೇಲೆ ಹೋಗೋಣ. ನಿನ್ನ ಹತ್ರ ಒಂದು ಮಾತಿದೆ. ನಿನ್ನ ಬಿಟ್ಟು ಇನ್ಯಾರನ್ನೂ ಕೇಳೋ ಹಾಗಿಲ್ಲ."

ಏನಿರಬಹುದು...

ಬರೆಯುವುದಿಲ್ಲ. ಬರೆದರೆ ದೃಷ್ಟಿಯಾಗುತ್ತದೆ.

ಮೇ 12, ಸೋಮವಾರ. ಬೆಳಿಗ್ಗೆ

ಮಂಜು ಕರಗಿದೆ. ನೀಲಿ ಜರ್ಸಿ ಹಾಕಿಕೊಂಡೆ. ಹೊರಟೆವು.

ಮೇ 14, ಬುಧವಾರ

ಎಡ ಮಣಿಕಟ್ಟು. ಎರಡು ಕಡೆ ಮುರಿದಿದೆ. ಬರೆಯುವ ಕೈ ಉಳಿದುಕೊಂಡಿತು. ಲಾಡ್ಜಿನ ಕಿಟಕಿಯ ಬಳಿ ಕೂತಿದ್ದೇನೆ. ಭಾವ, ಗುಬ್ಬಿ ಕಾರಿಗೆ ಸಾಮಾನು ತುಂಬುತ್ತಿದ್ದಾರೆ. ನನಗೆ ಏನೂ ಮುಟ್ಟಲು ಬಿಡುತ್ತಿಲ್ಲ.

ಸೋಮವಾರ ಕೇಬಲ್ ಕಾರು ಇಳಿದಲ್ಲಿ ಒಂದು ಬೆಂಚು. ಕೂತೆವು. ಭಾವ ಹೆಲ್ಮೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸುತ್ತಲೇ ಇದ್ದರು.

"ಹೇಗೆ ಶುರು ಮಾಡ್ಲಿ ಗೊತ್ತಾಗ್ತಿಲ್ಲ ಕಣೇ."

"ಶುರು ಮಾಡಿ ಭಾವ." ಎದೆ ಹೊಡೆದುಕೊಳ್ಳುವುದು ಹೊರಗೆ ಕಂಡೀತು ಅಂತ ಜಾಕೆಟ್ಟಿನ ಜಿಪ್ ಎಳೆದುಕೊಂಡೆ.

"ಗುಬ್ಬಿಗೆ ಈಜು ಕಲಿಸ್ತಾರಲ್ಲ, ಆ ಟೀಚರ್... ನಾವಿಬ್ರೂ ಮದುವೆ ಆಗೋಣ ಅಂತ." ಹೆಲ್ಮೆಟ್ ತಿರುಗಿಸುವುದು ನಿಲ್ಲಿಸಿ, "ನಿಮ್ಮಕ್ಕನ್ನ ಕೇಳೋಕಾಗಲ್ಲ. ಅದಕ್ಕೆ ನಿನ್ನ ಕೇಳ್ತಿದೀನಿ. ನೀನು ಬೇಡ ಅಂದ್ರೆ ಬೇಡ."

ನಿಜವಾಗಿಯೂ ಹಾಗೇ ಅಂದರು. ನೀನು ಬೇಡ ಅಂದ್ರೆ ಬೇಡ. ಆ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಒಳ್ಳೇದಾಯ್ತು ಭಾವ" ಅಂದೆ. "ಗುಬ್ಬಿಗೆ ಇಷ್ಟಾನಾ?"

"ಅವಳೇ ನನಗಿಂತ ಮೊದಲು ಇಷ್ಟಪಟ್ಟಿದ್ದು."

"ಸೈಕಲ್ ಬರುತ್ತಾ ಅವರಿಗೆ?"

"ಎಲ್ಲಿಂದ! ನೀರಲ್ಲಿ ಮೀನು, ನೆಲದ ಮೇಲೆ ಬ್ಯಾಲೆನ್ಸೇ ಇಲ್ಲ." ನಕ್ಕರು. ಆ ನಗು ನನಗೆ ಗೊತ್ತು. ಅಕ್ಕ ಏನಾದರೂ ಎಡವಟ್ಟು ಮಾಡಿದಾಗ ನಗುತ್ತಿದ್ದರಲ್ಲ, ಅದು. ನನ್ನ ಜೊತೆ ಎಷ್ಟು ನಕ್ಕಿದ್ದಾರೆ, ಆದರೆ ಅದು ಈ ನಗುವಲ್ಲ. ವ್ಯತ್ಯಾಸ ನನಗೆ ಮೊದಲಿನಿಂದ ತಿಳಿದಿತ್ತು ಅಂತ ಆಗ ತಿಳಿಯಿತು.

ನಾನು ಮುಂದೆ ಹೋಗಿರ್ತೀನಿ ಅಂದೆ. ಸೈಕಲ್ ಹತ್ತಿದರೆ ಮುಖ ಯಾರಿಗೂ ಕಾಣುವುದಿಲ್ಲ. ದಾರಿ ಇಬ್ಭಾಗವಾಗುವ ಕಡೆ ಎಡಗಡೆಯ ಇಳಿಜಾರು ಹಿಡಿದೆ. ಅಕ್ಕ ಮಾತ್ರ ಇಳಿಯುತ್ತಿದ್ದ ದಾರಿ. ನಾನು ಯಾವಾಗಲೂ ಸೈಕಲ್ ತಳ್ಳಿಕೊಂಡೇ ಇಳಿದದ್ದು. ಹಿಂದಿನಿಂದ, "ಏಯ್, ಅದಲ್ವೇ! ನಿಲ್ಲು!" ಅಂತ ಕೇಳಿಸಿತು. ಮೊದಲ ಎರಡು ತಿರುವು ಚೆನ್ನಾಗಿಯೇ ತೆಗೆದುಕೊಂಡೆ. ಮೂರನೆಯದರಲ್ಲಿ ಕಲ್ಲು ಕಾಣಲಿಲ್ಲ. ಕಣ್ಣು ಮಂಜಾಗಿತ್ತು. ಅಷ್ಟೇ. ಬೇಕೆಂದು ಬಿದ್ದದ್ದಲ್ಲ, ಇಲ್ಲಿ ಬರೆದಿಡುತ್ತಿದ್ದೇನೆ.

ಭಾವ ಸೈಕಲ್ ಬಿಸಾಡಿ ಓಡಿಬಂದರು. ಮುಖದಲ್ಲಿ ರಕ್ತವಿರಲಿಲ್ಲ. ತಮ್ಮ ಶರಟು ಬಿಚ್ಚಿ ನನ್ನ ಕೈ ಎದೆಗೆ ಕಟ್ಟಿದರು. "ನೀನೂ ಹೋಗ್ಬಿಟ್ರೆ ನಾನೇನೇ ಮಾಡ್ಲಿ" ಅಂದರು. ಆ ಮಾತಿಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ತಲೆ ಸವರಿ, "ಅಳು, ಅತ್ತುಬಿಡು. ತುಂಬಾ ನೋವಿದೆಯಾ?" ಅಂದರು.

"ಹೂಂ ಭಾವ. ತುಂಬಾ" ಅಂದೆ.

ಜೂನ್ 8, ಭಾನುವಾರ

ಒಂದು ಕೈಯಲ್ಲಿ ಹಲ್ಲು ಕೆತ್ತಲಾಗುವುದಿಲ್ಲ. ಲ್ಯಾಬಿನಲ್ಲಿ ಬಣ್ಣದ ಶೇಡ್ ನೋಡುವುದು, ಫೋನ್ ಎತ್ತುವುದು, ಅಷ್ಟೇ. ಬ್ರಾ ಹುಕ್ಕು ಹಾಕಲು ಕಾಲು ಗಂಟೆ. ತಲೆ ತೊಳೆದು ಹತ್ತು ದಿನ.

ಇವತ್ತು ಅವರು ಬಂದಿದ್ದರು. ಈಜಿನ ಟೀಚರ್. ಗುಬ್ಬಿಯೇ ಕೈಹಿಡಿದು ಎಳೆದುಕೊಂಡು ಬಂದಳು. ಅಗಲ ಭುಜ, ಚಿಕ್ಕದಾಗಿ ಕತ್ತರಿಸಿದ ಕೂದಲು, ಕ್ಲೋರಿನ್ ವಾಸನೆ. ಹಾಳಾದ ಸಂಕೋಚ ಇಬ್ಬರಿಗೂ. ಗುಬ್ಬಿ ಟಿವಿ ಹಾಕಿಕೊಂಡು ಕೂತಳು. ಆಕೆ ನನ್ನ ತಲೆ ನೋಡಿ, "ಬನ್ನಿ, ತೊಳೆದುಬಿಡ್ತೀನಿ. ದಿನಾ ಮಕ್ಕಳ ತಲೆ ಒರೆಸೋ ಕೆಲಸಾನೇ ನಂದು" ಅಂದರು. ಬೇಡ ಅನ್ನುವುದರೊಳಗೆ ಅಡುಗೆಮನೆಯ ಸಿಂಕಿನ ಮುಂದೆ ಕುರ್ಚಿ ಎಳೆದಾಗಿತ್ತು.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ."

"ನಿಮ್ಮಕ್ಕನ ಬಗ್ಗೆ ಏನಾದ್ರೂ ಹೇಳಿ. ಅವರು ಹೇಳೋಕೆ ಶುರು ಮಾಡಿ ಮಧ್ಯದಲ್ಲೇ ನಿಲ್ಲಿಸ್ತಾರೆ. ನಾನೂ ಕೇಳೋಕೆ ಹೋಗಲ್ಲ."

ಹೇಳಿದೆ. ಅಕ್ಕನ ಸಿಟ್ಟು, ಅಕ್ಕನ ಶಿಳ್ಳೆ, ಹೆರಿಗೆಗೆ ಹೋಗುವ ಕಾರಿನಲ್ಲೂ ಭಾವನ ಡ್ರೈವಿಂಗ್ ಬೈದದ್ದು. ಆಕೆ ನಗುತ್ತಿದ್ದರು. ಬೆರಳು ನಿಧಾನವಾಗಿ ನೆತ್ತಿ ತಿಕ್ಕುತ್ತಿತ್ತು. ಹೀಗೆ ಯಾರಾದರೂ ನನ್ನ ತಲೆ ಮುಟ್ಟಿ ಎಷ್ಟು ಕಾಲವಾಯಿತೋ. ತಡೆಯಲಾಗಲಿಲ್ಲ.

"ಕಣ್ಣಿಗೆ ಸೋಪು ಹೋಯ್ತಾ?"

"ಹೂಂ."

ಆಕೆ ನೊರೆ ಪೂರ್ತಿ ಹೋದ ಮೇಲೂ ನೀರು ಹಾಕುತ್ತಲೇ ಇದ್ದರು, ನಾನು ಸುಧಾರಿಸಿಕೊಳ್ಳುವವರೆಗೆ. ಗೊತ್ತಾಯಿತೇನೋ. ಗೊತ್ತಾದರೆ ಗೊತ್ತಾಗಲಿ.

ಒಂದಾದರೂ ಕೆಟ್ಟ ಗುಣ ಹುಡುಕಿದೆ. ಟವೆಲ್ ಮಡಚಲು ಬರುವುದಿಲ್ಲ. ಅಷ್ಟೇ ಸಿಕ್ಕಿದ್ದು.

ಜುಲೈ 5, ಶನಿವಾರ

ಕೈಯ ಪ್ಲಾಸ್ಟರ್ ಬಿಚ್ಚಿದರು. ತೆಳ್ಳಗೆ, ಬಿಳಿಚಿಕೊಂಡು, ಬೇರೆ ಯಾರದೋ ಕೈ ಹಾಗಿದೆ.

ಗುಬ್ಬಿ ಫೋನ್ ಮಾಡಿದ್ದಳು. ಏನೋ ಗಹನವಾದ ದನಿ.

"ಮದುವೆ ಆದ್ಮೇಲೆ ಟೀಚರ್‌ನ ಟೀಚರ್ ಅನ್ನೋ ಹಾಗಿಲ್ವಂತೆ. ಅಮ್ಮ ಅನ್ನೋಕೆ ನಂಗೆ ಬಾಯೇ ಬರಲ್ಲ. ಚಿಕ್ಕಮ್ಮ ಅನ್ನು, ಹಾಗೇ ಕರೆಯೋದು ಅಂದ್ರು ಅಪ್ಪ. ಆದ್ರೆ ಚಿಕ್ಕಮ್ಮ ಅಂದ್ರೆ ನೀನಲ್ವಾ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅಪ್ಪ ಹೇಳಿದ್ದು ಸರಿ. ಅವರನ್ನ ಚಿಕ್ಕಮ್ಮ ಅನ್ನು."

"ಮತ್ತೆ ನಿನ್ನ?"

"ಹೆಸರು ಹಿಡಿದು ಕೂಗು."

"ಥೂ! ದೊಡ್ಡೋರನ್ನ ಹಾಗೆ ಕರೀತಾರಾ? ನಿಂಗೆ ಸ್ವಲ್ಪಾನೂ ಬುದ್ಧಿ ಇಲ್ಲ." ಠಪ್ಪಂತ ಇಟ್ಟಳು.

ಆಮೇಲೆ ಲ್ಯಾಬಿಗೆ ಹೋದೆ. ರಜೆಯ ದಿನ, ಯಾರೂ ಇರಲಿಲ್ಲ. ಬೆರಳು ಬಗ್ಗುತ್ತಿರಲಿಲ್ಲ. ಆದರೂ ಕೂತು ಒಂದು ಹಲ್ಲು ಕೆತ್ತಿದೆ. ಸರಿ ಬರಲಿಲ್ಲ. ಒಡೆದು ಹಾಕಿದೆ.

ಆಗಸ್ಟ್ 22, ಶುಕ್ರವಾರ. ಬೆಳಿಗ್ಗೆ

ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸು. ಮೂವರು ಸಾಕ್ಷಿಗಳು ಬೇಕಂತೆ. ಭಾವನ ಕಡೆಯಿಂದ ನಾನು. "ನೀನಲ್ದೆ ಇನ್ಯಾರಿದ್ದಾರೆ ನಂಗೆ" ಅಂದರು. ಮಾಡುತ್ತೇನೆ ಅಂದೆ.

ಬೂದು ಬಟ್ಟೆ ಹಾಕಿಕೊಂಡೆ. ತೆಗೆದೆ. ಹಸಿರು ಹಾಕಿಕೊಂಡೆ. ಮದುವೆಗೆ ಹೋಗುತ್ತಿರುವುದು, ಮುಖ ನೆಟ್ಟಗಿರಬೇಕು.

ಕೆಳಗೆ ಕಾರು ಬಂತು. ಮದುವೆ ಗಂಡು ತಾನೇ ಓಡಿಸಿಕೊಂಡು ಬಂದಿದ್ದಾರೆ. ಗುಬ್ಬಿ ಬಿಡದೆ ಹಾರ್ನ್ ಒತ್ತುತ್ತಿದ್ದಾಳೆ. ಭಾವ ಕಿಟಕಿಯ ಕಡೆ ನೋಡಿ, "ಬಾರೇ, ನೀನು ಬರ್ದೆ ಏನೂ ಶುರುವಾಗಲ್ಲ!" ಅಂತ ಕೂಗುತ್ತಿದ್ದಾರೆ.

ಬಂದೆ ಅಂದೆ. ಒಂದೇ ನಿಮಿಷ.

ಯಾರೂ ಓದದ ಈ ಪುಸ್ತಕದಲ್ಲೂ ಇಷ್ಟು ವರ್ಷ ಬರೆಯದೆ ಬಿಟ್ಟದ್ದನ್ನು, ಅಲ್ಲಿ ಹೋಗಿ ಸಹಿ ಹಾಕುವ ಮೊದಲು, ಒಂದು ಸಲ ಬರೆದುಬಿಡಬೇಕು. ಒಂದೇ ವಾಕ್ಯ. ಬರೆದ ಮೇಲೆ ಹೊಡೆದುಹಾಕಿದರೂ ಸರಿ.

ನಾನು ಅವರನ್ನು