ಸಮುದ್ರದ ಊರಿನ ಬಾಡಿಗೆ

ಚೂಟಿ,

ಆಸ್ಪತ್ರೆಯವರು ನನಗೆ ಬಡ್ತಿ ಕೊಟ್ಟು, ಎರಡು ಮಹಾನಗರಗಳಲ್ಲಿ ಒಂದನ್ನು ಆರಿಸಿಕೋ ಎಂದಿದ್ದಾರೆ. ಇವತ್ತು ಊಟದ ಬಿಡುವಿನಲ್ಲಿ ಎರಡೂ ಕಡೆಯ ಬಾಡಿಗೆ, ಬಸ್ಸು, ಹಾಲು, ತರಕಾರಿ ಎಲ್ಲ ಕೂಡಿಸಿ ನೋಡಿದೆ. ಒಟ್ಟಿಗಿದ್ದಾಗ ನಮ್ಮ ಬಾಡಿಗೆ ಕೋಣೆಯಲ್ಲಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, "ಅಲ್ಲಿ ಮನೆ ಅಗ್ಗ ಕಣೇ, ಆದ್ರೆ ಬಸ್ಸಿಗೇ ಸಂಬಳ ಸುರೀಬೇಕು" ಎಂದು ನೀನು ಊರೂರನ್ನು ತೂಗುತ್ತಿದ್ದೆಯಲ್ಲ, ಹಾಗೆಯೇ.

ಆಶ್ಚರ್ಯ, ನೀನು ಆಸೆಪಡುತ್ತಿದ್ದ ಆ ದುಬಾರಿ ಸಮುದ್ರದ ಊರೇ ಕೈಗೆಟುಕುವಂತಿತ್ತು! ಖುಷಿಯಿಂದ ಹೆಡ್ ನರ್ಸಿಗೆ ತೋರಿಸಿದೆ.

"ಬಾಡಿಗೆ ಅರ್ಧವೇ ಹಾಕಿದೀಯಲ್ಲ, ಜೊತೆಗೆ ಯಾರಿರ್ತಾರೆ?" ಅಂದರು.

ನೀನೂ ನಾನೂ ಮಾತು ಬಿಟ್ಟು ವರ್ಷಗಳೇ ಆದವು. ಈ ಕೈ ಮಾತ್ರ ಬಾಡಿಗೆ ಕಂಡರೆ ಇನ್ನೂ ಅರ್ಧ ಮಾಡುತ್ತದೆ. ಅದನ್ನೆಲ್ಲ ಅವರಿಗೆ ಹೇಗೆ ಹೇಳಲಿ?

"ಅವಳನ್ನ ಇನ್ನೂ ಕೇಳಿಲ್ಲ" ಅಂದುಬಿಟ್ಟೆ.