ಇಲ್ಲದ ಕಂಬಕ್ಕೆ ದಾರಿ ಬಿಟ್ಟ ಅರ್ಧ ಹೆಜ್ಜೆ

ಗ್ರೇಡಿಂಗ್ ಪರೀಕ್ಷಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಕಳೆದ ತಿಂಗಳ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯಲ್ಲಿ ತಾವು ಫೇಲು ಮಾಡಬೇಕಾಗಿದ್ದದ್ದು ನನ್ನನ್ನು. ಮಾಡಿದ್ದು ನನ್ನ ಶಿಷ್ಯೆಯನ್ನು. ಇದನ್ನು ಸರಿಪಡಿಸಿ ಎಂದು ಕೇಳಲು ತಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಕರಾಟೆಯ ಬಗ್ಗೆ ಕೂತು ಮಾತಾಡಲು ಇಷ್ಟೊಂದು ವಿಷಯ ಇರುತ್ತದೆ ಎಂದು ನಿಂತು ಕಲಿಸುವ ನನ್ನಂಥವನಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಸಲ ಮೆಟ್ಟಿಲು ಹತ್ತುವ ಬದಲು ಪತ್ರಿಕೆಗೆ ಬರೆಯುತ್ತಿದ್ದೇನೆ. ಮೀಟಿಂಗಿನ ಮೇಜಿನ ಮೇಲೆ ಯಾರಾದರೂ ಇದನ್ನು ಮಡಚಿಟ್ಟು ಹೋದರೆ ತಮ್ಮ ಕಣ್ಣಿಗೆ ಬೀಳಬಹುದು ಎಂಬ ಆಸೆ.

ನಾನು ಹಗಲು ಹೊತ್ತು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಸಂಜೆ ಆರರಿಂದ ಎಂಟರವರೆಗೆ ಅದೇ ಅಂಗಡಿಯ ಮಹಡಿಯಲ್ಲಿ ಕರಾಟೆ ಮಾಸ್ತರ. ಇಪ್ಪತ್ತಮೂರು ವರ್ಷವಾಯಿತು. ಮೊದಲು ಕುರ್ಚಿ ಮೇಜುಗಳನ್ನು ಪೇರಿಸಿಡುತ್ತಿದ್ದ ಕೋಣೆ ಅದು. ನೆಲಕ್ಕೆ ಪ್ಲೈವುಡ್ ಹಾಕಿದ್ದೇವೆ, ಅದರ ಎಡಮೂಲೆ ಒದ್ದರೆ ಕಿರುಗುಟ್ಟುತ್ತದೆ. ಚಪ್ಪಲಿಗಳು ಮೆಟ್ಟಿಲ ಮೇಲೆ ಸಾಲಾಗಿರುತ್ತವೆ. ಕಿಟಕಿಯಾಚೆ ಬಸ್ ಡಿಪೊ ಇರುವುದರಿಂದ ನನ್ನ ಎಣಿಕೆಯ ಅರ್ಧ ಹಾರ್ನಿನಲ್ಲಿ ಮುಳುಗಿಹೋಗುತ್ತದೆ. ಆದರೂ ಇಪ್ಪತ್ತು ಜನ ಒಂದೇ ಏಟಿಗೆ ಕೈ ಮುಂದೆ ಮಾಡುತ್ತಾರೆ.

ತಾವು ಫೇಲು ಮಾಡಿದ ಹೆಂಗಸು ಆ ಇಪ್ಪತ್ತು ಜನರಲ್ಲಿ ಮುಂದಿನ ಸಾಲಿನವರು. ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕಿ. ತರಗತಿಯಲ್ಲಿ ಎಲ್ಲರೂ ಅವರನ್ನು ವಾರ್ಡಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂಬತ್ತು ವರ್ಷದ ಹಿಂದೆ ಮಗಳನ್ನು ಸೇರಿಸಲು ಬಂದವರು. ಮಗಳು ಮೂರು ತಿಂಗಳಿಗೆ ಕಾಲು ನೋವು ಎಂದು ಬಿಟ್ಟಳು. ಅಮ್ಮ ಉಳಿದುಕೊಂಡರು. ದಿನವಿಡೀ ಸ್ಟ್ರೆಚರ್ ತಳ್ಳಿ, ರೋಗಿಗಳನ್ನು ಮಗ್ಗುಲು ಬದಲಾಯಿಸಿ, ಸೋಪಿನ ವಾಸನೆಯ ಕೈಗಳಲ್ಲೇ ಮೆಟ್ಟಿಲು ಹತ್ತಿ ಬಂದು ಬೆಲ್ಟ್ ಬಿಗಿಯುತ್ತಾರೆ. ಒಂಬತ್ತು ವರ್ಷದಲ್ಲಿ ಅವರು ತಪ್ಪಿಸಿದ ತರಗತಿಗಳನ್ನು ನಾನು ಬೆರಳು ಮಡಚಿ ಹೇಳಬಲ್ಲೆ.

ಅವರ ಆಸ್ಪತ್ರೆಯ ಪಕ್ಕದಲ್ಲಿ ಹೆಣ್ಣುಮಕ್ಕಳ ಶಾಲೆಯಿದೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ವಾರಕ್ಕೆರಡು ದಿನ ಮಕ್ಕಳಿಗೆ ಕರಾಟೆ ಕಲಿಸಿ ಎಂದು ವಾರ್ಡಕ್ಕನನ್ನೇ ಕೇಳಿದ್ದಾರೆ. ತಮ್ಮ ನಿಯಮದ ಪ್ರಕಾರ ಕಲಿಸಬೇಕಾದರೆ ಬ್ಲ್ಯಾಕ್ ಬೆಲ್ಟ್ ಪ್ರಮಾಣಪತ್ರ ಬೇಕು. ನಲವತ್ತು ಹುಡುಗಿಯರು ಹೆಸರು ಬರೆಸಿ ಕಾಯುತ್ತಿದ್ದಾರೆ. ಈ ವಿಷಯ ಹೇಳುವಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಇಷ್ಟು ವರ್ಷ ಬೇರೆಯವರು ಕರೆದಲ್ಲಿಗೆ ಓಡಿದ ಹೆಂಗಸು, ಮೊದಲ ಸಲ ನಲವತ್ತು ಜನರ ಎದುರು ತಾನೇ ನಿಂತು ಒಂದು ಎರಡು ಎಣಿಸುವ ಸಂಭ್ರಮ ಅದು.

ಪರೀಕ್ಷೆ ಮೊದಲೆಲ್ಲ ನಮ್ಮ ನಮ್ಮ ಕೋಣೆಗಳಲ್ಲೇ ನಡೆಯುತ್ತಿತ್ತು. ಗುರುವೇ ಕಲಿಸಿ ಗುರುವೇ ಪಾಸು ಮಾಡುವುದು ಸರಿಯಲ್ಲ ಎಂದು ತಾವು ಈ ವರ್ಷ ಅದನ್ನು ಒಳಾಂಗಣ ಕ್ರೀಡಾಂಗಣಕ್ಕೆ ಒಯ್ದಿರಿ. ಒಳ್ಳೆಯ ಸುಧಾರಣೆ. ವ್ಯಂಗ್ಯವಲ್ಲ, ನಿಜವಾಗಿಯೇ ಹೇಳುತ್ತಿದ್ದೇನೆ. ನೀಲಿ ಮ್ಯಾಟು, ಬಿಳಿ ಬಟ್ಟೆ ಹೊದಿಸಿದ ಮೇಜು, ಅದರ ಹಿಂದೆ ಐದು ಜನ ಪರೀಕ್ಷಕರು. ವಾರ್ಡಕ್ಕನ ಬೆನ್ನಿಗೆ ಮೂವತ್ತೊಂದು ಎಂಬ ನಂಬರು. ತನ್ನ ಅರ್ಧ ವಯಸ್ಸಿನವಳ ಜೊತೆ ಸೆಣಸಿ ಗೆದ್ದರು. ಆಮೇಲೆ ಕಟಾ. ಕರಾಟೆ ಗೊತ್ತಿಲ್ಲದ ಓದುಗರಿಗೆ ಹೇಳಬೇಕೆಂದರೆ, ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸಬೇಕಾದ ಹೊಡೆತ ಮತ್ತು ತಡೆಗಳ ಸರಣಿ ಅದು. ಯಾವುದಾದ ಮೇಲೆ ಯಾವುದು ಎಂಬುದು ಕೂದಲೆಳೆಯಷ್ಟೂ ಬದಲಾಗಬಾರದು.

ಹದಿನೇಳನೆಯ ಚಲನೆಯಲ್ಲಿ ಬಲಕ್ಕೆ ತಿರುಗಿ ಹೊಡೆಯಬೇಕು. ವಾರ್ಡಕ್ಕ ತಿರುಗುವ ಮೊದಲು ಎಡಗಾಲನ್ನು ಅರ್ಧ ಹೆಜ್ಜೆ ಹಿಂದಿಟ್ಟರು. ಆಮೇಲೆ ತಿರುಗಿ ಹೊಡೆದರು. ಪರೀಕ್ಷಕರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟು ಕೇಳಿದರು: "ಅಲ್ಲೇನಿತ್ತಮ್ಮ, ಹಿಂದೆ ಸರಿದ್ರಲ್ಲ?" ವಾರ್ಡಕ್ಕ ನನ್ನ ಕಡೆ ನೋಡಲಿಲ್ಲ. ತಲೆಬಾಗಿ, "ತಪ್ಪಾಗಿದ್ರೆ ನಂದು ಸಾರ್" ಎಂದರು. ಪಟ್ಟಿಯಲ್ಲಿ ಅವರ ನಂಬರಿನ ಎದುರು ಬಂದದ್ದು ಇಷ್ಟೇ: ಮೂಲ ಕಟಾದಿಂದ ವಿಚಲನೆ, ಅನುತ್ತೀರ್ಣ.

ಫೇಲಾದವರು ಒಂದು ವರ್ಷ ಕಾಯಬೇಕು ಎನ್ನುತ್ತದೆ ತಮ್ಮ ಒಂದು ನಿಯಮ. ನಲವತ್ತೈದು ದಾಟಿದವರು ಮೊದಲ ಬ್ಲ್ಯಾಕ್ ಬೆಲ್ಟಿಗೆ ಕೂರುವಂತಿಲ್ಲ ಎನ್ನುತ್ತದೆ ಇನ್ನೊಂದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ತುಂಬ ಸಭ್ಯ ನಿಯಮಗಳು. ವಾರ್ಡಕ್ಕನಿಗೆ ನಲವತ್ತೈದು ತುಂಬಲು ಇನ್ನು ಮೂರು ತಿಂಗಳಿದೆ. ಎರಡೂ ನಿಯಮಗಳು ಸೇರಿ ಆಕೆಯನ್ನು ಜೀವಮಾನವಿಡೀ ಹೊರಗಿಟ್ಟಿವೆ. ಇದನ್ನು ಬರೆದವರಿಗೆ ಇದು ಗೊತ್ತಿತ್ತೇ? ಅಥವಾ ಒಂದನ್ನು ಒಂದು ಮೀಟಿಂಗಿನಲ್ಲಿ, ಇನ್ನೊಂದನ್ನು ಇನ್ನೊಂದು ಮೀಟಿಂಗಿನಲ್ಲಿ ಬರೆದಿರಾ?

ಇಷ್ಟು ಹೊತ್ತು ತಮ್ಮನ್ನು ಬೈದದ್ದಾಯಿತು. ಅದು ಸುಲಭದ ಕೆಲಸ. ಇನ್ನು ಮುಂದಿನದು ನನಗೆ ಕಷ್ಟ.

ಆ ಅರ್ಧ ಹೆಜ್ಜೆಯನ್ನು ಅವರಿಗೆ ಕಲಿಸಿದವನು ನಾನು. ನನಗೆ ಕಲಿಸಿದವರು ನನ್ನ ಗುರುಗಳು. ಗುರುಗಳು ಮಾಡಿದ ಹಾಗೆ ನಾನು ಮಾಡಿದೆ, ನಾನು ಮಾಡಿದ ಹಾಗೆ ಶಿಷ್ಯರು. ನಮ್ಮ ವಿದ್ಯೆ ನಡೆಯುವುದೇ ಹೀಗೆ. ಇಲ್ಲಿ ಯಾಕೆ ಎಂದು ಕೇಳುವವನನ್ನು ಐವತ್ತು ದಂಡ ಹೊಡೆ ಎಂದು ಮೂಲೆಗೆ ಕಳಿಸುತ್ತೇವೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಅದಕ್ಕೊಂದು ಅರ್ಥವನ್ನೂ ಕಟ್ಟಿದೆ. ಹೊಸಬರು ಆ ಚಲನೆಗೆ ಬಂದಾಗಲೆಲ್ಲ ಎಲ್ಲರನ್ನೂ ಕೂರಿಸಿ ಹತ್ತು ನಿಮಿಷ ಪುರಾಣ ಬಿಚ್ಚುತ್ತಿದ್ದೆ: ಇದು ವಿನಯದ ಹೆಜ್ಜೆ, ಹೊಡೆಯುವ ಮೊದಲು ಎದುರಾಳಿಯ ಸಿಟ್ಟು ದಾಟಿಹೋಗಲು ದಾರಿ ಬಿಡಬೇಕು, ಇತ್ಯಾದಿ. ಚಿಕ್ಕ ಮಕ್ಕಳು ಆಕಳಿಸುತ್ತಿದ್ದರು. ವಾರ್ಡಕ್ಕ ಮಾತ್ರ ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

ಕೇಳಿಸಿಕೊಂಡು ಸುಮ್ಮನಿರಲಿಲ್ಲ. ಎರಡು ವರ್ಷದ ಹಿಂದೆ, ಮಧ್ಯಾಹ್ನ ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ, ತಮ್ಮನನ್ನು ಕಳೆದುಕೊಂಡ ಒಬ್ಬ ವಾರ್ಡಿನಲ್ಲಿ ಕೈಗೆ ಸಿಕ್ಕ ಸ್ಟೂಲು ಎತ್ತಿಕೊಂಡು ಇವರ ಮೇಲೆ ಬಂದ. ವಾರ್ಡಕ್ಕ ಅರ್ಧ ಹೆಜ್ಜೆ ಹಿಂದಿಟ್ಟರು. ಸ್ಟೂಲು ಗಾಳಿಗೆ ಬೀಸಿಹೋಯಿತು. ಹೊಡೆಯಬಹುದಾಗಿತ್ತು, ಹೊಡೆಯಲಿಲ್ಲ. ಮುಗ್ಗರಿಸಿದ ಅವನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಅವನು ಅತ್ತು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದರಂತೆ. ಸಂಜೆ ಬಂದು ನನಗೆ ಇದನ್ನು ಹೇಳಿ, ನೀವು ಹೇಳಿಕೊಟ್ಟಿದ್ದು ಇವತ್ತು ಉಪಯೋಗಕ್ಕೆ ಬಂತು ಎಂದರು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಫಲಿತಾಂಶ ಬಂದ ದಿನ ವಾರ್ಡಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ಆ ಹೆಜ್ಜೆ ತಪ್ಪಾ ಎಂದು. ತಪ್ಪಲ್ಲ, ಪರೀಕ್ಷಕರಿಗೆ ಅದರ ಆಳ ಗೊತ್ತಿಲ್ಲ ಎಂದೆ. ಅಷ್ಟರಲ್ಲೇ ನನ್ನೊಳಗೆ ಅಳುಕು ಹುಟ್ಟಿತ್ತು. ನಾಲ್ಕು ವರ್ಷದ ಹಿಂದೆ ತಮ್ಮ ಕಚೇರಿಯಿಂದ ಎಲ್ಲ ಮಾಸ್ತರರಿಗೂ ಕಟಾಗಳ ಅಧಿಕೃತ ಪುಸ್ತಕ ಬಂದಿತ್ತು. ನನ್ನ ಗುರು ಕಲಿಸಿದ್ದಕ್ಕೆ ಪುಸ್ತಕ ಬೇರೆ ಬೇಕೇ ಎಂದು ಮೂಗು ಮುರಿದು ಅದನ್ನು ಲಕೋಟೆ ಸಮೇತ ಡ್ರಾಯರಿಗೆ ಹಾಕಿದ್ದೆ. ಊರಿನ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಡುವವನು ಕಣ್ಣೆದುರಿನ ಲಕೋಟೆ ಹರಿದು ನೋಡಲಿಲ್ಲ. ಈಗ ಹರಿದೆ. ಹದಿನೇಳನೆಯ ಚಿತ್ರದಲ್ಲಿ ಎರಡೂ ಕಾಲು ಇದ್ದ ಜಾಗದಲ್ಲೇ ಇದ್ದವು.

ಆಗಲೂ ನಂಬದೆ ಗುರುಗಳನ್ನು ಹುಡುಕಿಕೊಂಡು ಹೋದೆ. ವೆಲ್ಡಿಂಗ್ ಕೆಲಸದಲ್ಲಿದ್ದವರು, ಈಗ ಎಂಬತ್ತೊಂದು, ಮಗಳ ಮನೆಯಲ್ಲಿದ್ದಾರೆ. ಪುಸ್ತಕವೇ ತಪ್ಪು ಎಂದು ಅವರ ಬಾಯಲ್ಲಿ ಹೇಳಿಸಿ ತಮ್ಮ ಮೇಲೆ ಯುದ್ಧಕ್ಕೆ ಬರುವ ಲೆಕ್ಕಾಚಾರ ನನ್ನದು. ಮಾಡಿ ತೋರಿಸು ಎಂದರು. ಸೋಫಾಕ್ಕೂ ಟಿವಿಗೂ ನಡುವಿನ ಜಾಗದಲ್ಲಿ ಮಾಡಿದೆ. ಹದಿನೇಳಕ್ಕೆ ಬಂದಾಗ ಅವರು ಕೆಮ್ಮು ಹತ್ತುವಷ್ಟು ನಕ್ಕರು.

"ಅಯ್ಯೋ, ಅದನ್ನಿನ್ನೂ ಮಾಡ್ತಿದೀಯೇನೋ? ಅಲ್ಲಿ ಕಂಬ ಇತ್ತು ಕಣೋ."

ಅವರು ಮೊದಲು ಕಲಿಸುತ್ತಿದ್ದದ್ದು ವರ್ಕ್‌ಶಾಪಿನ ಹಿಂದಿನ ಗೋದಾಮಿನಲ್ಲಂತೆ. ನಟ್ಟನಡುವೆ ಕಬ್ಬಿಣದ ಕಂಬ. ಬಲಕ್ಕೆ ತಿರುಗಿದವರೆಲ್ಲ ಮೊಣಕೈ ಜಜ್ಜಿಕೊಳ್ಳುತ್ತಿದ್ದರಿಂದ ಅರ್ಧ ಹೆಜ್ಜೆ ಹಿಂದಿಟ್ಟು ತಿರುಗಿ ಎಂದಿದ್ದರು. ಎರಡು ವರ್ಷದ ಮೇಲೆ ಬೇರೆ ಕೋಣೆಗೆ ಹೋದರು, ಕಂಬ ಅಲ್ಲೇ ಉಳಿಯಿತು, ಹೆಜ್ಜೆ ಕಾಲಿಗೆ ಅಂಟಿಕೊಂಡು ಬಂತು. ನಾನು ಸೇರಿದ್ದು ಆಮೇಲೆ. ಹೇಳಬೇಕು ಅಂದುಕೊಂಡಿದ್ದರಂತೆ, ಮರೆತರಂತೆ. ನಗು ನಿಂತ ಮೇಲೆ ಅವರು, ಆ ಹೆಂಗಸಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಟಿವಿಯ ಕಡೆ ತಿರುಗಿ ಕೂತರು.

ಹಾಗಾಗಿ ತಮ್ಮ ಪರೀಕ್ಷಕರು ಸರಿ, ಮಾನ್ಯರೇ. ಪುಸ್ತಕ ಸರಿ, ಪಟ್ಟಿ ಸರಿ. ಎಲ್ಲವೂ ಸರಿಯಾಗಿದ್ದು, ಏನೂ ತಪ್ಪು ಮಾಡದ ಒಬ್ಬರು ಮಾತ್ರ ಶಿಕ್ಷೆ ಅನುಭವಿಸುತ್ತಿದ್ದಾರೆ. ಇದನ್ನೇ ಹೇಳಲು ತಮ್ಮ ಕಚೇರಿಗೆ ಬಂದಾಗ ಗುಮಾಸ್ತರು ಮರುಪರೀಕ್ಷೆಯ ಅರ್ಜಿ ಕೊಟ್ಟರು. ಕಾರಣಕ್ಕೆ ಮೂರು ಚೌಕಗಳಿವೆ: ಅನಾರೋಗ್ಯ, ಗಾಯ, ಕಚೇರಿಯ ತಪ್ಪು. ಮಾಸ್ತರನ ತಪ್ಪಿಗೆ ಚೌಕವಿಲ್ಲ. ಮಾಸ್ತರರು ತಪ್ಪು ಮಾಡುವುದಿಲ್ಲ ಎಂದು ತಮ್ಮ ಸಮಿತಿ ಯಾವ ಮೀಟಿಂಗಿನಲ್ಲಿ ತೀರ್ಮಾನಿಸಿತು? ಗುಮಾಸ್ತರು ಒಳ್ಳೆಯವರು. ದನಿ ತಗ್ಗಿಸಿ, ಜ್ವರ ಇತ್ತು ಅಂತ ಬರೆದುಬಿಡಿ, ಆಗಿಹೋಗುತ್ತೆ ಎಂದರು. ನಾನು ನಾಚಿಕೆ ಬಿಟ್ಟು ಆ ಅರ್ಜಿಯನ್ನು ವಾರ್ಡಕ್ಕನ ಸಹಿಗೆ ಒಯ್ದೆ. ಅವರು ಓದಿ ಮಡಚಿ ವಾಪಸು ಕೊಟ್ಟರು.

"ದಿನಾ ಜ್ವರದವರನ್ನೇ ನೋಡ್ತೀನಿ ಸಾರ್. ನಂಗೇನೂ ಆಗಿರ್ಲಿಲ್ಲ."

ಈಗ ಸಂಜೆ ಸಂಜೆ ಆ ಹೆಜ್ಜೆ ಬಿಡಿಸಲು ನೋಡುತ್ತಿದ್ದೇನೆ. ಪರೀಕ್ಷಕರಿಗೆ ಅದು ಹಿಡಿಸುವುದಿಲ್ಲ, ಅದಕ್ಕೇ ಬಿಡಿ ಎಂದಷ್ಟೇ ಹೇಳಿದ್ದೇನೆ. ಹತ್ತು ಸಲ ಮಾಡಿದರೆ ಏಳು ಸಲ ಎಡಗಾಲು ಹಿಂದೆ ಹೋಗುತ್ತದೆ. ನಾನೇ ಮಾಡಿದರೂ ಹೋಗುತ್ತದೆ. ಮೊನ್ನೆ ನಾನು ರೇಗಿದಾಗ ಅವರು, ಬಿಡಬೇಕು ಅಂತ ಗೊತ್ತು ಸಾರ್, ಆದರೆ ನೀವು ಅಷ್ಟು ಹೇಳಿಕೊಟ್ಟಿದ್ದನ್ನ ಬಿಡೋಕೆ ಮನಸ್ಸು ಬರಲ್ಲ ಎಂದರು. ಮುಂದಿನ ಸಾಲಿನ ಪುಟ್ಟ ಹುಡುಗಿಯ ಬೆಲ್ಟ್ ಸರಿ ಮಾಡುವ ನೆಪದಲ್ಲಿ ಮುಖ ತಿರುಗಿಸಿದೆ.

ಮಾನ್ಯರೇ, ಬರುವ ತಿಂಗಳು ತಮ್ಮ ಇನ್ನೊಂದು ಕೇಂದ್ರದಲ್ಲಿ ಇದೇ ಪರೀಕ್ಷೆಯಿದೆ. ಮೂವತ್ತೊಂದನೆಯ ನಂಬರಿನವರನ್ನು ಅಲ್ಲಿ ಒಂದೇ ಒಂದು ಸಲ ಕಟಾ ಮಾಡಲು ಬಿಡಿ. ಅದಕ್ಕೆ ಬದಲಾಗಿ ನನ್ನ ಪ್ರಮಾಣಪತ್ರವನ್ನು ಈ ಪತ್ರದ ನಕಲಿನ ಜೊತೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅದೇ ಅರ್ಧ ಹೆಜ್ಜೆ ಹಿಂದಿಟ್ಟು ಪಡೆದದ್ದು ಅದು. ಮೂಲ ಕಟಾದಿಂದ ವಿಚಲನೆ ಎಂದು ಅದರ ಮೇಲೆ ಬರೆದು ರದ್ದು ಮಾಡಿ. ತಾವು ಒಪ್ಪುತ್ತೀರಿ ಎಂಬ ನಂಬಿಕೆ ನನಗಿಲ್ಲ. ಆದರೂ ಕೇಳದೆ ಬೇರೆ ದಾರಿಯಿಲ್ಲ.

ಇನ್ನೆರಡು ಸಾಲು ತಮಗಲ್ಲ. ವಾರ್ಡಕ್ಕ, ಡಾಕ್ಟರುಗಳು ಓದಿಟ್ಟ ಪತ್ರಿಕೆ ಮಧ್ಯಾಹ್ನ ನಿಮ್ಮ ಕೈಗೆ ಬರುತ್ತದೆ ಎಂದು ನನಗೆ ಗೊತ್ತು. ಎದುರು ನಿಂತು ಹೇಳುವ ಧೈರ್ಯ ಸಾಲದೆ ಇಲ್ಲಿ ಹೇಳುತ್ತಿದ್ದೇನೆ. ಅದು ವಿನಯದ ಹೆಜ್ಜೆಯಲ್ಲ ಅಮ್ಮ, ನೀವು ಹಿಡಿದಿಟ್ಟುಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ. ಆ ಸ್ಟೂಲು ಎತ್ತಿದವನನ್ನು ಕೂರಿಸಿ ಸಮಾಧಾನ ಮಾಡಿದ್ದು ನೀವು, ನಾನು ಕಲಿಸಿದ್ದಲ್ಲ. ಇವತ್ತು ಸಂಜೆ ಆರಕ್ಕೆ ಬಾಗಿಲು ತೆಗೆದಿರುತ್ತೇನೆ. ನೀವು ಬಂದರೆ ನನ್ನ ಎದುರು ನಿಂತು ಎಣಿಸಿ. ಹದಿನೇಳಕ್ಕೆ ನನ್ನ ಕಾಲು ಹಿಂದೆ ಹೋದರೆ ಐವತ್ತು ದಂಡ ಹೊಡೆಸಿ.

ಇಂತಿ,
ಮೂವತ್ತೊಂದನೆಯ ನಂಬರಿನ ಬದಲು ಫೇಲಾಗಬೇಕಾಗಿದ್ದ,
ಕನ್ನಡಕದಂಗಡಿ ಮಹಡಿಯ ಮಾಸ್ತರ